ಒಂದು ಗಣಕಯಂತ್ರಕ್ಕೆ ಎರಡು ಪರದೆ

ಮಲಯಾಳದ ಪಾಠವೊಂದನ್ನು ಕನ್ನಡಕ್ಕೆ ತರುವಾಗ ಮೂಲವನ್ನು ಎಡಗಡೆ, ಅನುವಾದವನ್ನು ಬಲಗಡೆ ಇರಿಸಿಕೊಂಡರೆ ಕೆಲಸ ಎಷ್ಟು ಹಗುರವಾಗುತ್ತದೆಂಬುದನ್ನು ನಾವು ಅಧ್ಯಾಪಕರು ಬಲ್ಲೆವು. ಆದುದರಿಂದಲೇ ಈಗ ಕೆಲವು ಮನೆಗಳಲ್ಲಿ ಎರಡನೆಯ ಪರದೆಯ ಮಾತು ಬರುತ್ತಿದೆ. ಜೊತೆಗೇ “ಅದಕ್ಕೆ ದೊಡ್ಡ ಗ್ರಾಫಿಕ್ಸ್ ಕಾರ್ಡ್ ಬೇಕು” ಎಂಬ ಮಾತೂ ಬರುತ್ತದೆ. ಹೆತ್ತವರ ಹಣ ವ್ಯರ್ಥವಾಗುವುದು ಇಲ್ಲಿಯೇ.

ಮಕ್ಕಳೇ, ಪರದೆಯ ಚಿತ್ರವು ಪಿಕ್ಸೆಲ್ ಎಂಬ ಸಣ್ಣ ಚುಕ್ಕಿಗಳಿಂದಾದುದು. ಫುಲ್ ಎಚ್.ಡಿ. ಪರದೆಯ ಒಂದು ಅಡ್ಡಸಾಲಿನಲ್ಲಿ 1920 ಚುಕ್ಕಿಗಳು. ಅಂಥ ಸಾಲುಗಳು 1080. ಗುಣಿಸಿ ನೋಡಿದರೆ 20,73,600. ಇವುಗಳ ಬಣ್ಣವನ್ನು ಸಾಮಾನ್ಯವಾಗಿ ಸೆಕೆಂಡಿಗೆ 60 ಸಲ ಪರದೆಗೆ ಕಳುಹಿಸಬೇಕು. 4ಕೆ ಪರದೆಯಾದರೆ ಚುಕ್ಕಿಗಳು ಇದರ ನಾಲ್ಕು ಪಟ್ಟು. ಈ ಕೆಲಸ ಮಾಡುವ ಭಾಗ ಇಂದಿನ ಹೆಚ್ಚಿನ ಪ್ರೊಸೆಸರುಗಳ ಒಳಗೇ ಇದೆ. 2012ರಲ್ಲಿ ಬಂದ ಇಂಟೆಲ್‌ನ ಮೂರನೆಯ ತಲೆಮಾರಿನ ಕೋರ್ ಪ್ರೊಸೆಸರುಗಳೇ ಮೂರು ಪರದೆಗಳನ್ನು ನಡೆಸಬಲ್ಲವಾಗಿದ್ದವು. ಹೀಗಿರಲು ಓದು, ಬರೆಹ, ವಿಡಿಯೋ ಪಾಠಗಳಿಗಾಗಿ ಬೇರೆ ಕಾರ್ಡ್ ಏಕೆ? ಇಂಟೆಲ್ ಪ್ರೊಸೆಸರಿನ ಹೆಸರು ‘ಎಫ್’ ಅಕ್ಷರದಿಂದ ಮುಗಿದರೆ ಅದರಲ್ಲಿ ಈ ಭಾಗವಿಲ್ಲ. ಆಗ ಕಾರ್ಡ್ ಬೇಕೇ ಬೇಕು.

ಅಂಗಡಿಗೆ ಹೋಗುವ ಮೊದಲು ಯಂತ್ರದ ಹಿಂಬದಿಯನ್ನು ನೋಡಿರಿ. ಎರಡು ಪರದೆಗೆ ಎರಡು ಪೋರ್ಟ್ ಬೇಕು. ವಿ.ಜಿ.ಎ. ಎಂಬುದು 1987ರಷ್ಟು ಹಳೆಯದು, ಎಚ್.ಡಿ.ಎಂ.ಐ. ಅಥವಾ ಡಿಸ್‌ಪ್ಲೇ ಪೋರ್ಟ್ ಇದ್ದರೆ ಒಳ್ಳೆಯದು. ಎಚ್.ಡಿ.ಎಂ.ಐ. 1.4ರ ಪೋರ್ಟಿನಿಂದ 4ಕೆ ಚಿತ್ರ ಸೆಕೆಂಡಿಗೆ 30 ಸಲ ಮಾತ್ರ ಬರುತ್ತದೆ. ಮೌಸ್ ಓಡಿಸುವಾಗಲೇ ಅದರ ತಡವರಿಕೆ ಕಣ್ಣಿಗೆ ಬೀಳುತ್ತದೆ. ಒಂದೇ ಪೋರ್ಟಿದೆಯೆಂದು ಅಗ್ಗದ ಸ್ಪ್ಲಿಟರ್ ತಂದರೆ ಎರಡೂ ಪರದೆಗಳಲ್ಲಿ ಒಂದೇ ಚಿತ್ರ ಮೂಡೀತು, ನಮಗೆ ಬೇಕಾದುದು ಅದಲ್ಲ. ಲ್ಯಾಪ್‌ಟಾಪಿನ ಎಲ್ಲ ಟೈಪ್-ಸಿ ಪೋರ್ಟುಗಳೂ ಚಿತ್ರವನ್ನು ಕಳುಹಿಸಲಾರವು. ಕೈಪಿಡಿಯನ್ನು ಓದಿಯೇ ಕೇಬಲ್ ಕೊಳ್ಳಬೇಕು.

ಆಟಕ್ಕೋ ಮೂರು ಆಯಾಮದ ಚಿತ್ರ ರಚನೆಗೋ ಕಾರ್ಡ್ ಬೇಕಾದವರು ಅದು ಎಳೆಯುವ ವಿದ್ಯುತ್ತನ್ನು ವಿಚಾರಿಸಬೇಕು. ಮದರ್‌ಬೋರ್ಡಿನ ಸ್ಲಾಟಿನಿಂದ ದೊರೆಯುವುದು 75 ವಾಟ್. ಅದಕ್ಕಿಂತ ಹೆಚ್ಚು ಬೇಡುವ ಕಾರ್ಡಿಗೆ ಪವರ್ ಸಪ್ಲೈಯಿಂದ ಬೇರೆ ತಂತಿ ಬೇಕು. ಕಾರ್ಡ್ ಹಾಕಿದ ಮೇಲೆ ಪರದೆಗಳ ಕೇಬಲನ್ನು ಕಾರ್ಡಿಗೇ ಜೋಡಿಸಿರಿ. ನಮ್ಮ ಕೇರಳದ ಶಾಲೆಗಳಲ್ಲಿರುವಂತೆ ಲಿನಕ್ಸ್ ಬಳಸುವವರಿಗೆ ಎ.ಎಂ.ಡಿ. ಕಾರ್ಡಿನ ಡ್ರೈವರ್ ಅದರೊಳಗೇ ಬರುತ್ತದೆ. ಎನ್ವಿಡಿಯಾದ್ದನ್ನು ಹೆಚ್ಚಾಗಿ ಪ್ರತ್ಯೇಕ ಹಾಕಿಕೊಳ್ಳಬೇಕಾಗುತ್ತದೆ.

ಉಳಿದ ಹಣವನ್ನು ಪರದೆಗೆ ಹಾಕುವುದೇ ಸರಿಯೆಂದು ನಮ್ಮ ಅಭಿಪ್ರಾಯ. ಕನ್ನಡ ಓದುವವರಿಗಂತೂ ಇದು ಮುಖ್ಯ. ‘ಲಕ್ಷ್ಮಿ’, ‘ರಾಷ್ಟ್ರ’ ಎಂಬ ಪದಗಳಲ್ಲಿ ಒತ್ತಿನ ಕೆಳಗೊಂದು ಒತ್ತು. ಇಂಗ್ಲಿಷ್ ಅಕ್ಷರ ಸ್ಪಷ್ಟವಾಗಿ ಕಾಣುವ ಪರದೆಯಲ್ಲೂ ಈ ಒತ್ತುಗಳು ಕಲಸಿಹೋಗಬಹುದು. 24 ಇಂಚಿನ ಫುಲ್ ಎಚ್.ಡಿ. ಪರದೆಯಲ್ಲಿ ಇಂಚಿಗೆ ಸುಮಾರು 92 ಚುಕ್ಕಿಗಳು. ಅದೇ ಚುಕ್ಕಿಗಳನ್ನು 27 ಇಂಚಿಗೆ ಹರಡಿದರೆ 82ಕ್ಕೆ ಇಳಿಯುತ್ತವೆ. ಪರದೆ ದೊಡ್ಡದಾಯಿತು, ಅಕ್ಷರ ಒರಟಾಯಿತು! 27 ಇಂಚೇ ಬೇಕೆಂದರೆ 2560 × 1440ರದನ್ನು ಕೇಳಿರಿ. ಅದರಲ್ಲಿ ಇಂಚಿಗೆ ಸುಮಾರು 109 ಇವೆ. ಎರಡೂ ಪರದೆಗಳು ಒಂದೇ ಅಳತೆಯವಾದರೆ ಕಣ್ಣಿಗೆ ಸುಖ. ಸ್ಟ್ಯಾಂಡ್ ತಿರುಗುವಂಥದ್ದಾದರೆ ಒಂದನ್ನು ನೆಟ್ಟಗೆ ನಿಲ್ಲಿಸಿಕೊಳ್ಳಿರಿ. ಪಠ್ಯಪುಸ್ತಕದ ಇಡೀ ಪುಟ ತಲೆಯಿಂದ ಬುಡದವರೆಗೆ ಒಮ್ಮೆಗೇ ಕಾಣುತ್ತದೆ.