ನೋವೂ ಸಂಮೋಹನವೂ

ಸಂಮೋಹನವೆಂದೊಡನೆ ಜಾತ್ರೆಯ ಇಂದ್ರಜಾಲದವನು ನೆನಪಾಗುವುದು ಸಹಜ. ಆದರೆ ವೈದ್ಯಶಾಸ್ತ್ರದಲ್ಲಿಯೂ ಅದಕ್ಕೊಂದು ಸ್ಥಾನವುಂಟು. ಅದರ ಚರಿತ್ರೆಯ ಒಂದು ಮುಖ್ಯ ಅಧ್ಯಾಯ ನಡೆದದ್ದು ನಮ್ಮ ದೇಶದಲ್ಲಿಯೇ, ಬಂಗಾಳದ ಹೂಗ್ಲಿಯಲ್ಲಿ.

೧೮೪೫ರ ಏಪ್ರಿಲಿನಲ್ಲಿ ಅಲ್ಲಿನ ಶಸ್ತ್ರವೈದ್ಯ, ಸ್ಕಾಟ್ಲೆಂಡಿನ ಜೇಮ್ಸ್ ಎಸ್ಡೇಲ್, ಅಂಡವೃದ್ಧಿಯ ಚಿಕಿತ್ಸೆಯಾಗಿ ನೋವಿನಿಂದ ಹೊರಳಾಡುತ್ತಿದ್ದ ಕೈದಿಯೊಬ್ಬನನ್ನು ಮೆಸ್ಮರನ ಪದ್ಧತಿಯಂತೆ ಮೈಮರೆಸಿದನು. ಮುಂದೆ ಇದೇ ಸ್ಥಿತಿಯಲ್ಲಿ ನೂರಾರು ರೋಗಿಗಳಿಗೆ ಶಸ್ತ್ರಚಿಕಿತ್ಸೆ ಮಾಡಿದನು. ಆಗಿನ್ನೂ ಈಥರ್ ಬಂದಿರಲಿಲ್ಲ. ಬಾಸ್ಟನ್ನಿನಲ್ಲಿ ಅದರ ಬಹಿರಂಗ ಪ್ರಯೋಗ ನಡೆದದ್ದು ೧೮೪೬ರ ಅಕ್ಟೋಬರಿನಲ್ಲಿ. ಅಲ್ಲಿಯವರೆಗೆ ರೋಗಿಯನ್ನು ನಾಲ್ವರು ಅದುಮಿ ಹಿಡಿಯುವುದು, ವೈದ್ಯನು ಬೇಗಬೇಗ ಕೊಯ್ಯುವುದು, ಇದೇ ಕ್ರಮ. ಎಸ್ಡೇಲನ ವಿಧಾನಕ್ಕೋ ಗಂಟೆಗಟ್ಟಲೆ ಕಾಲ ಬೇಕು: ಕತ್ತಲ ಕೋಣೆಯಲ್ಲಿ ಸಹಾಯಕರು ರೋಗಿಯ ಮೈಮೇಲೆ ಕೈಯಾಡಿಸುತ್ತ ಕುಳಿತಿರಬೇಕು. ನಿಮಿಷಗಳಲ್ಲಿ ಕೆಲಸಮಾಡುವ ಈಥರ್, ಕ್ಲೋರೋಫಾರಂಗಳೆದುರು ಅದು ಹಿಂದೆ ಬಿದ್ದುದು ಆಶ್ಚರ್ಯವಲ್ಲ.

ಆದರೆ ಅಂದಿನ ಟೀಕಾಕಾರರ ಇನ್ನೊಂದು ಮಾತು ವಿಚಾರಾರ್ಹ. ರೋಗಿಗಳು ನಟಿಸುತ್ತಿದ್ದರಂತೆ! ಹತ್ತಾರು ಪೌಂಡು ತೂಕದ ಗೆಡ್ಡೆಯನ್ನು ಕೊಯ್ಯುವಾಗ ಬಡವನೊಬ್ಬನು ಸಾಹೇಬನನ್ನು ಮೆಚ್ಚಿಸಲು ಸುಮ್ಮನಿದ್ದನೆಂಬುದನ್ನು ನಾನಂತೂ ನಂಬಲಾರೆ. ಕೂಗಿದರೆ ಹೇಡಿ, ಕೂಗದಿದ್ದರೆ ನಟ. ಅವನ ಮಾತಿಗೆ ಬೆಲೆಯೆಲ್ಲಿ?

ಸಂಮೋಹಿತನಿಗೆ ನೋವು ನಿಜವಾಗಿಯೇ ಕುಗ್ಗುವುದೋ, ಅವನು ಹಾಗೆ ಹೇಳುವನಷ್ಟೆಯೋ? ೧೯೯೭ರಲ್ಲಿ ಮಾಂಟ್ರಿಯಲ್ಲಿನ ರೇನ್‌ವಿಲ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗವು ಇದನ್ನು ಮಿದುಳಿನಲ್ಲಿಯೇ ಹುಡುಕಿತು. ಸಂಮೋಹಿತರ ಕೈಯನ್ನು ನೋವಾಗುವಷ್ಟು ಬಿಸಿಯಾದ ನೀರಿನಲ್ಲಿರಿಸಿ, ಸಂಕಟ ಹೆಚ್ಚುವುದೆಂದು ಒಮ್ಮೆ, ಕುಗ್ಗುವುದೆಂದು ಒಮ್ಮೆ ಸೂಚನೆಯಿತ್ತರು. ಮೈಯ ಸಂವೇದನೆಯನ್ನು ಗ್ರಹಿಸುವ ಭಾಗದ ಚಟುವಟಿಕೆ ಹೆಚ್ಚು ಬದಲಾಗಲಿಲ್ಲ. ಸಂಕಟಕ್ಕೆ ಸಂಬಂಧಿಸಿದ ಮುಂಭಾಗದ ಸಿಂಗ್ಯುಲೇಟ್ ಮಾತ್ರ ಸೂಚನೆಯಂತೆ ಏರಿಳಿಯಿತು. ಎಂದರೆ ನೋವಿನ ಅರಿವು ಬೇರೆ, ಅದರ ಸಂಕಟ ಬೇರೆ. ಬಿಸಿಯೆಂದು ತಿಳಿದೂ ಬೇಯದಿರುವುದು ಸಾಧ್ಯ, ಅದು ನಟನೆಯಲ್ಲ.

ಇಂದು ಸುಟ್ಟಗಾಯದ ಪಟ್ಟಿ ಬದಲಿಸುವಾಗ, ಹಲ್ಲಿನ ಚಿಕಿತ್ಸೆಯಲ್ಲಿ, ಹೆರಿಗೆಯಲ್ಲಿ ಸಂಮೋಹನವನ್ನು ಔಷಧದೊಡನೆ ಬಳಸುವುದುಂಟು. ಎಲ್ಲರೂ ಒಂದೇ ಸಮನಾಗಿ ಅದಕ್ಕೆ ವಶರಾಗುವುದಿಲ್ಲ. ನೋವಿನ ಕಾರಣವನ್ನು ಮೊದಲೇ ಪರೀಕ್ಷಿಸಿರಬೇಕು, ಸಂಕಟವನ್ನು ಮರೆಸಿದ ಮಾತ್ರಕ್ಕೆ ಹೊಟ್ಟೆಯೊಳಗಣ ಗೆಡ್ಡೆ ಕರಗದು.

ಮನೋರೋಗಗಳಲ್ಲಿ ಇದರ ದಾರಿ ಇಷ್ಟು ನೇರವಲ್ಲ. ಫ್ರಾಯ್ಡನು ಹಿಸ್ಟೀರಿಯಾಕ್ಕೆ ಇದನ್ನು ಪ್ರಯೋಗಿಸಿ ಕೊನೆಗೆ ಕೈಬಿಟ್ಟನು. ಆತಂಕ, ಅತಿಭಯಗಳಲ್ಲಿ ಇತರ ಚಿಕಿತ್ಸೆಗೆ ಸಹಾಯಕವಾಗಿ ಈಗಲೂ ಬಳಕೆಯಲ್ಲಿದೆ. ಮರೆತ ಘಟನೆಗಳನ್ನು ಹೊರಗೆಳೆಯಲು ಮಾತ್ರ ಇದು ಅಪಾಯಕರ: ನಡೆಯದುದನ್ನೂ ನಡೆದುದೆಂದು ರೋಗಿಯು ಪ್ರಾಮಾಣಿಕವಾಗಿಯೇ ನೆನೆದುಬಿಡುವನು.