ಇಡ್ಲಿ ಬಿಳಿ, ದೋಸೆ ಕೆಂಪು: ಸ್ಲೋ ಕುಕ್ಕರ್ ಬ್ರೆಡ್ ಕಲಿಸಿದ ಪಾಠ

ಬೋಧನಾಭ್ಯಾಸದ ಎರಡನೇ ವಾರ ಎಂಟನೇ ತರಗತಿಗೆ ‘ಸೂಕ್ಷ್ಮಜೀವಿಗಳು: ಮಿತ್ರ ಮತ್ತು ಶತ್ರು’ ಘಟಕವನ್ನು ಬೋಧಿಸುವ ಸರದಿ ನನ್ನದಾಗಿತ್ತು. ಮೈದಾ, ಸಕ್ಕರೆ, ಯೀಸ್ಟ್ ಕಲಸಿ ಹಿಟ್ಟು ಉಬ್ಬುವುದನ್ನು ಗಮನಿಸುವ ಚಟುವಟಿಕೆ ಪಠ್ಯದಲ್ಲೇ ಇದೆ. ಅದನ್ನು ಅಲ್ಲಿಗೇ ಬಿಡದೆ ಬ್ರೆಡ್ ಮಾಡಿ ಮಕ್ಕಳ ಕೈಗೆ ಕೊಡಬೇಕೆಂಬುದು ನನ್ನ ಆಸೆ. ಶಾಲೆಯಲ್ಲಿ ಓವನ್ ಇರಲಿಲ್ಲ. ಸಹಪ್ರಶಿಕ್ಷಣಾರ್ಥಿಯೊಬ್ಬರ ಮನೆಯಲ್ಲಿ ಸ್ಲೋ ಕುಕ್ಕರ್ ಇತ್ತು. ಪಿಂಗಾಣಿ ಪಾತ್ರೆಯನ್ನು ಸುತ್ತಲಿನಿಂದ ನಿಧಾನವಾಗಿ ಕಾಯಿಸುವ ವಿದ್ಯುತ್ ಉಪಕರಣ ಅದು. ಬೆಂಕಿಯಿಲ್ಲ, ಪಕ್ಕದಲ್ಲೇ ನಿಂತು ಕಲಕುವ ಕೆಲಸವಿಲ್ಲ. ತರಗತಿಗೆ ಇದೇ ಸರಿ ಎನಿಸಿತು.

ಸಾಮಗ್ರಿ

ಮೈದಾ 300 ಗ್ರಾಂ, ಡ್ರೈ ಯೀಸ್ಟ್ ಒಂದು ಟೀ ಚಮಚ, ಸಕ್ಕರೆ ಎರಡು ಚಮಚ, ಉಪ್ಪು ಒಂದು ಚಮಚ, ಎಣ್ಣೆ ಎರಡು ಚಮಚ, ನೀರು ಸುಮಾರು 190 ಮಿ.ಲೀ. ಪರಿಮಳಕ್ಕೆ ಒಂದು ಹಿಡಿ ಸಬ್ಬಸಿಗೆ ಸೊಪ್ಪು, ಸಣ್ಣಗೆ ಹೆಚ್ಚಿದ ಹತ್ತು ದೊಡ್ಡಪತ್ರೆ ಎಲೆ. ಬೇಕರಿಯ ಖಾರಾ ಬನ್ ತಿಂದ ಮಕ್ಕಳಿಗೆ ಸೊಪ್ಪು ಹಾಕಿದ ಬ್ರೆಡ್ ಹೊಸದಲ್ಲ. ಆ ಪೂರ್ವಜ್ಞಾನದಿಂದಲೇ ಪಾಠ ಆರಂಭಿಸಿದೆ.

ಮೊದಲ ದಿನ: ಉಬ್ಬದ ಹಿಟ್ಟು

ಬಿಸಿ ಹೆಚ್ಚಾದಷ್ಟೂ ಯೀಸ್ಟ್ ಬೇಗ ಕೆಲಸ ಮಾಡುತ್ತದೆಂದು ಭಾವಿಸಿ ಫ್ಲಾಸ್ಕಿನ ನೀರನ್ನು ಹಾಗೇ ಸುರಿದು ಹಿಟ್ಟು ಕಲಸಿದೆ. ಒಂದು ಗಂಟೆ ಕಳೆದರೂ ಹಿಟ್ಟು ಇದ್ದಷ್ಟೇ ಇತ್ತು. ಮಕ್ಕಳು ಮತ್ತೆ ಮತ್ತೆ ಬಂದು ಬಟ್ಟೆ ಸರಿಸಿ ನೋಡಿ ಹೋದರು. ಮನೆಯಲ್ಲಿ ಒಮ್ಮೆಯಾದರೂ ಮಾಡಿ ನೋಡದೆ ತರಗತಿಗೆ ತಂದದ್ದು ನನ್ನ ತಪ್ಪು.

ಮರುದಿನ ಬೇಕರಿಯಿಂದ ಬ್ರೆಡ್ ತಂದು ‘ಉಬ್ಬಿದ್ದರೆ ಹೀಗಾಗುತ್ತಿತ್ತು’ ಎಂದು ತೋರಿಸಿ ಮುಗಿಸಿಬಿಡೋಣ ಎಂದುಕೊಂಡೆ. ಮಾರ್ಗದರ್ಶಿ ಮೇಡಂ ಅವರಿಗೆ ಇದನ್ನು ಹೇಳಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: “ಹಿಟ್ಟು ಯಾಕೆ ಉಬ್ಬಲಿಲ್ಲ ಅಂತ ಮಕ್ಕಳನ್ನೇ ಕೇಳಿದ್ರಾ?” ನಾನು ಕೇಳಿರಲಿಲ್ಲ.

ಎರಡನೇ ದಿನ: ನಾಲ್ಕು ಬಾಟಲಿ

ಕೇಳಿದಾಗ ಉತ್ತರಗಳು ಸಾಲಾಗಿ ಬಂದವು. ಯೀಸ್ಟ್ ಹಳೆಯದು. ನೀರು ಬಿಸಿ ಹೆಚ್ಚಾಯಿತು. ಒಬ್ಬ ಹುಡುಗ, “ದೊಡ್ಡಪತ್ರೆ ನೆಗಡಿ, ಕೆಮ್ಮಿಗೆ ಔಷಧಿ ಸಾರ್. ಅದೇ ಯೀಸ್ಟನ್ನೂ ಕೊಂದಿರಬೇಕು” ಎಂದ. ತಳ್ಳಿಹಾಕುವ ಮಾತಲ್ಲ ಇದು. ದೊಡ್ಡಪತ್ರೆಯ ಎಣ್ಣೆಯಲ್ಲಿರುವ ಕಾರ್ವಕ್ರಾಲ್, ಥೈಮಾಲ್‌ಗಳಿಗೆ ಸೂಕ್ಷ್ಮಜೀವಿಗಳನ್ನು ತಡೆಯುವ ಗುಣವಿದೆ.

ನಾಲ್ಕು ಗಾಜಿನ ಬಾಟಲಿಗಳಲ್ಲಿ ತಲಾ 100 ಮಿ.ಲೀ. ನೀರು, ಒಂದು ಚಮಚ ಸಕ್ಕರೆ, ಒಂದು ಚಮಚ ಅದೇ ಯೀಸ್ಟ್ ಹಾಕಿ ಬಾಯಿಗೆ ಬಲೂನು ಕಟ್ಟಿದೆವು. ಮೊದಲನೆಯದರಲ್ಲಿ ಐಸ್ ನೀರು, ಎರಡನೆಯದರಲ್ಲಿ ಸುಮಾರು 38 ಡಿಗ್ರಿ ಸೆಲ್ಸಿಯಸ್‌ನ ಬೆಚ್ಚಗಿನ ನೀರು, ಮೂರನೆಯದರಲ್ಲಿ 70 ಡಿಗ್ರಿಯ ಬಿಸಿನೀರು, ನಾಲ್ಕನೆಯದರಲ್ಲಿ ಬೆಚ್ಚಗಿನ ನೀರಿನ ಜೊತೆ ಹೆಚ್ಚಿದ ದೊಡ್ಡಪತ್ರೆ.

ಅರ್ಧ ಗಂಟೆಯಲ್ಲಿ ಎರಡನೆಯ ಬಲೂನು ಎದ್ದು ನಿಂತಿತು. ನಾಲ್ಕನೆಯದೂ ಎದ್ದಿತು, ಸ್ವಲ್ಪ ಚಿಕ್ಕದಾಗಿ. ಮೊದಲನೆಯದು, ಮೂರನೆಯದು ಜೋತುಬಿದ್ದಿದ್ದವು. ಯೀಸ್ಟ್ ಹಳೆಯದೆಂಬ ಊಹೆ ಅಲ್ಲಿಗೆ ಬಿದ್ದುಹೋಯಿತು. ನಾಲ್ಕನೆಯದು ಚಿಕ್ಕದಾಗಿದ್ದು ಎಲೆಯಿಂದಲೇ ಎಂದು ನಾನು ಹೇಳಹೊರಟಾಗ, “ಬಲೂನೇ ಬೇರೆ ಥರದ್ದು ಸಾರ್” ಎಂದು ಹಿಂದಿನ ಬೆಂಚಿನಿಂದ ಆಕ್ಷೇಪಣೆ ಬಂತು. ಸರಿಯಾದ ಆಕ್ಷೇಪಣೆ. ‘ಇಷ್ಟು ಎಲೆ ಯೀಸ್ಟನ್ನು ಕೊಲ್ಲಲಿಲ್ಲ’ ಎಂದಷ್ಟೇ ಬರೆದುಕೊಂಡೆವು.

ಆಗ ಒಬ್ಬಳು ಕೇಳಿದಳು: “ಮೂರನೇ ಬಾಟಲಿ ಈಗ ತಣ್ಣಗಾಗಿದೆಯಲ್ಲ, ಇನ್ನು ಮೇಲೆ ಉಬ್ಬುತ್ತಾ?” ನನ್ನ ಪಾಠ ಯೋಜನೆಯಲ್ಲಿ ಈ ಪ್ರಶ್ನೆ ಇರಲಿಲ್ಲ. ಬಾಟಲಿಗಳನ್ನು ರಾತ್ರಿಯಿಡೀ ಹಾಗೇ ಬಿಟ್ಟೆವು. ಬೆಳಿಗ್ಗೆ ಐಸ್ ನೀರಿನ ಬಾಟಲಿಯ ಬಲೂನು ತುಂಬಿತ್ತು, ಬಿಸಿನೀರಿನದು ಹಾಗೇ ಇತ್ತು. ಚಳಿಗೆ ಯೀಸ್ಟ್ ನಿಧಾನವಾಗುತ್ತದೆ, ಬೆಚ್ಚಗಾದರೆ ಮತ್ತೆ ಚುರುಕಾಗುತ್ತದೆ. ಸುಮಾರು 60 ಡಿಗ್ರಿ ದಾಟಿದರೆ ಸಾಯುತ್ತದೆ. ಫ್ರಿಜ್ಜಿನಲ್ಲಿಟ್ಟ ಆಹಾರಕ್ಕೂ ಕುದಿಸಿದ ಆಹಾರಕ್ಕೂ ಇರುವ ವ್ಯತ್ಯಾಸವನ್ನು, ಅಂದರೆ ಆಹಾರ ಸಂರಕ್ಷಣೆಯ ಭಾಗವನ್ನು, ನಾನು ಬೇರೆಯಾಗಿ ವಿವರಿಸಬೇಕಾಗಲೇ ಇಲ್ಲ.

ಮೂರನೇ ದಿನ: ಬ್ರೆಡ್

ಈ ಬಾರಿ ನೀರನ್ನು ಮಕ್ಕಳೇ ಅಳೆದರು. ಪ್ರಯೋಗಾಲಯದಲ್ಲಿ ತಿನ್ನುವ ವಸ್ತು ಮಾಡಬಾರದೆಂದು ಕೆಲಸವನ್ನು ತರಗತಿಯಲ್ಲೇ ಇಟ್ಟುಕೊಂಡೆವು. ಬೆಳಗಿನ ಅವಧಿಯಲ್ಲಿ ನಾದಿದ ಹಿಟ್ಟು ಒಂದು ಗಂಟೆಯಲ್ಲಿ ಎರಡರಷ್ಟಾಯಿತು. ಅದನ್ನು ಉಂಡೆ ಮಾಡಿ, ಬಟರ್ ಪೇಪರ್ ಹಾಸಿದ ಕುಕ್ಕರಿನಲ್ಲಿಟ್ಟು ‘ಹೈ’ಗೆ ತಿರುಗಿಸಿದೆ. ಮುಚ್ಚಳದಿಂದ ನೀರಹನಿ ಬ್ರೆಡ್ಡಿನ ಮೇಲೆ ಬೀಳದಂತೆ ಒಳಗಡೆ ಹತ್ತಿ ಬಟ್ಟೆಯನ್ನು ಬಿಗಿಯಾಗಿ ಕಟ್ಟಿ, ಅಂಚುಗಳನ್ನು ಮೇಲಕ್ಕೆ ಮಡಚಿದ್ದೆವು. ಎರಡು ಗಂಟೆಯ ನಂತರ ಡಿಜಿಟಲ್ ಥರ್ಮಾಮೀಟರ್ ಚುಚ್ಚಿ ನೋಡಿದರೆ ಒಳಗೆ 94 ಡಿಗ್ರಿ. ಬ್ರೆಡ್ ಬೆಂದಿತ್ತು. ಸಬ್ಬಸಿಗೆಯ ಘಮ ಪಕ್ಕದ ತರಗತಿಯವರೆಗೂ ಹೋಗಿತ್ತು.

ಆದರೆ ಮೇಲ್ಭಾಗ ಬೆಳ್ಳಗಿತ್ತು. “ಹಸಿ ಇದೆ” ಎಂದರು ಕೆಲವರು. ಕತ್ತರಿಸಿ ತೋರಿಸಿದೆ, ಬೆಂದಿದೆ ಎಂದು ಒಪ್ಪಿದರು. ಹಾಗಾದರೆ ಬೇಕರಿ ಬ್ರೆಡ್ಡಿನ ಕೆಂಪು ಸಿಪ್ಪೆ ಎಲ್ಲಿ? ನಾನು ವಿವರಣೆ ಆರಂಭಿಸುವ ಮೊದಲೇ, ಮೂರು ದಿನವೂ ಬಾಯಿ ಬಿಡದಿದ್ದ ಹುಡುಗಿಯೊಬ್ಬಳು, “ಇಡ್ಲಿ ಬಿಳಿ, ದೋಸೆ ಕೆಂಪು. ನಮ್ಮನೇಲಿ ಹಿಟ್ಟು ಒಂದೇ” ಎಂದಳು.

ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ. ನೀರಿನಂಶ ಇರುವವರೆಗೆ ಹಿಟ್ಟಿನ ಉಷ್ಣತೆ ಕುದಿಯುವ ಬಿಂದುವನ್ನು ದಾಟುವುದಿಲ್ಲ. ಓವನ್ನಿನೊಳಗಿನ ಬ್ರೆಡ್ಡಿನ ಮಧ್ಯಭಾಗವೂ 100 ಡಿಗ್ರಿ ಮೀರುವುದಿಲ್ಲ. ಪಿಷ್ಟ ಬೇಯಲು, ಗ್ಲೂಟೆನ್ ಗಟ್ಟಿಯಾಗಲು ಅಷ್ಟು ಸಾಕು. ಮೇಲ್ಮೈ ಒಣಗಿ 140 ಡಿಗ್ರಿಯ ಆಸುಪಾಸು ಬಂದಾಗ ಮಾತ್ರ ಸಕ್ಕರೆ ಮತ್ತು ಅಮೈನೋ ಆಮ್ಲಗಳು ಸೇರಿ ಕೆಂಪು ಬಣ್ಣ ವೇಗವಾಗಿ ಬರುತ್ತದೆ. ಫ್ರಾನ್ಸಿನ ಲೂಯಿ ಮಯಾರ್ 1912ರಲ್ಲಿ ವಿವರಿಸಿದ ಕ್ರಿಯೆ ಇದು. ಸ್ಲೋ ಕುಕ್ಕರಿನ ಆವಿ ಅದಕ್ಕೆ ಅವಕಾಶ ಕೊಡುವುದಿಲ್ಲ. ಬಿಸಿಯೂಟದ ಅಡುಗೆಯವರಿಂದ ಕಾವಲಿ ತಂದು ಹೋಳುಗಳನ್ನು ಸುಟ್ಟೆವು. ಕೆಂಪಾದವು.

ಮೌಲ್ಯಮಾಪನ ಮತ್ತು ಆತ್ಮಾವಲೋಕನ

ಘಟಕದ ಕೊನೆಯಲ್ಲಿ ‘ಹಿಟ್ಟು ಉಬ್ಬಲು ಕಾರಣವೇನು?’ ಎಂದು ಕೇಳುವ ಬದಲು, ‘ಒಂದು ಹಿಟ್ಟು ಉಬ್ಬಿಲ್ಲ. ಕಾರಣ ಕಂಡುಹಿಡಿಯಲು ಏನು ಮಾಡುವಿರಿ?’ ಎಂದು ಕೇಳಿದೆ. ಹೆಚ್ಚಿನವರು ಹೋಲಿಕೆಗೆ ಒಂದು ಬಾಟಲಿ ಇಡಬೇಕೆಂದು ಬರೆದಿದ್ದರು. ಒಬ್ಬ ‘ಒಂದೇ ಥರದ ಬಲೂನು’ ಎಂದು ಅಡಿಗೆರೆ ಎಳೆದು ಬರೆದಿದ್ದ.

ಒಂದು ಅವಧಿಯ ಪಾಠ ಮೂರು ದಿನ ತೆಗೆದುಕೊಂಡಿತು. ಗಣಿತ ಶಿಕ್ಷಕರ ಒಂದು ಅವಧಿಯನ್ನು ಸಾಲ ಪಡೆದೆ. ಇದನ್ನು ಮಾಡಬಯಸುವ ಗೆಳೆಯರು ಮನೆಯಲ್ಲಿ ಒಮ್ಮೆ ಮಾಡಿ ನೋಡಿ, ವಿದ್ಯುತ್ ಹೋಗುವ ಸಮಯ ವಿಚಾರಿಸಿ, ಬಿಸಿ ಪಾತ್ರೆಯನ್ನು ಮಕ್ಕಳಿಗೆ ಮುಟ್ಟಗೊಡಬೇಡಿ. ಬಾಟಲಿ ಪ್ರಯೋಗವನ್ನು ಮಾತ್ರ ಬಿಡಬೇಡಿ. ನನ್ನ ಪಾಠ ಯೋಜನೆಯ ನಮೂನೆಯಲ್ಲಿ ‘ಪ್ರಯೋಗ ವಿಫಲವಾದರೆ’ ಎಂಬ ಅಂಕಣ ಇರಲಿಲ್ಲ. ಈಗ ಪ್ರತಿ ಯೋಜನೆಯಲ್ಲೂ ಅದಕ್ಕೆ ನಾಲ್ಕು ಸಾಲು ಖಾಲಿ ಬಿಡುತ್ತಿದ್ದೇನೆ.