ಒಂಬತ್ತು ಮಂದಿಯ ಓಟ

ಒಲಿಂಪಿಕ್ ಕ್ರೀಡೆಗಳ ಓಟ, ಜಿಗಿತ, ಎಸೆತಗಳಲ್ಲಿ ಮಹಿಳೆಯರಿಗೆ ಮೊತ್ತಮೊದಲು ಪ್ರವೇಶ ದೊರೆತುದು 1928ರಲ್ಲಿ, ಆಮ್‌ಸ್ಟರ್‌ಡಾಮ್ ನಗರದಲ್ಲಿ. 800 ಮೀಟರ್ ಓಟದ ಅಂತಿಮ ಸ್ಪರ್ಧೆಗೆ ನಿಂತವರು ಒಂಬತ್ತು ಮಂದಿ. ಜರ್ಮನಿಯ ಲೀನಾ ರಾಡ್ಕೆ 2 ನಿಮಿಷ 16.8 ಸೆಕೆಂಡುಗಳಲ್ಲಿ ಗುರಿ ಮುಟ್ಟಿ ವಿಶ್ವದಾಖಲೆಯನ್ನು ಸ್ಥಾಪಿಸಿದಳು. ಅವಳ ಬೆನ್ನಿಗೇ ಬಂದವಳು ಜಪಾನಿನ ಕಿನುಯೆ ಹಿತೋಮಿ. ಒಂಬತ್ತು ಮಂದಿಯೂ ಓಟವನ್ನು ಪೂರೈಸಿದರು.

ಗುರಿ ಮುಟ್ಟಿದ ಮೇಲೆ ಕೆಲವರು ದಣಿದು ನೆಲಕ್ಕೊರಗಿದುದುಂಟು. ಗಂಡಸರು ಹಾಗೆ ಒರಗಿದರೆ ಅದು ಪೌರುಷದ ಕುರುಹು. ಹೆಂಗಸರು ಒರಗಿದರೆ ಅಬಲೆಯರೆಂಬುದಕ್ಕೆ ಸಾಕ್ಷಿ! ಓಡಿದವರು ಹನ್ನೊಂದು ಮಂದಿಯೆಂದೂ, ಅವರಲ್ಲಿ ಐವರು ನಡುವೆಯೇ ಓಟವನ್ನು ಬಿಟ್ಟರೆಂದೂ ಒಬ್ಬ ವರದಿಗಾರನು ಬರೆದನು. ಎಣಿಸಿ ನೋಡುವ ತಾಳ್ಮೆ ಯಾರಿಗೂ ಇರಲಿಲ್ಲ. ಸ್ತ್ರೀದೇಹವು ಇಂತಹ ಶ್ರಮಕ್ಕೆ ತಕ್ಕುದಲ್ಲವೆಂದು ಬಗೆದು, ಆ ಓಟವನ್ನೇ ಒಲಿಂಪಿಕ್ಸಿನಿಂದ ಕೈಬಿಡಲಾಯಿತು. ದಿನವೂ ದೂರದ ಕೆರೆಬಾವಿಗಳಿಂದ ಕೊಡ ಹೊತ್ತು ತರುವ ಹೆಂಗಸರನ್ನು ಕಂಡು ಈ ಮರುಕ ಹುಟ್ಟಲಿಲ್ಲವೆಂಬುದು ಸೋಜಿಗ.

ಆ ಓಟ ಮರಳಿ ಬಂದುದು 1960ರ ರೋಮ್ ಒಲಿಂಪಿಕ್ಸಿನಲ್ಲಿ. ಅಷ್ಟರಲ್ಲಿ ಮೂವತ್ತೆರಡು ವರ್ಷಗಳು ಸಂದಿದ್ದವು. 1984ರಲ್ಲಿ ಲಾಸ್ ಏಂಜಲೀಸಿನಲ್ಲಿ ಮಹಿಳೆಯರ ಮೊದಲ ಒಲಿಂಪಿಕ್ ಮ್ಯಾರಥಾನ್ ನಡೆಯಿತು. ಅಮೆರಿಕದ ಜೋನ್ ಬೆನೊಯ್ಟ್ 42 ಕಿಲೋಮೀಟರಿಗೂ ಮಿಗಿಲಾದ ಆ ದಾರಿಯನ್ನು 2 ಗಂಟೆ 24 ನಿಮಿಷ 52 ಸೆಕೆಂಡುಗಳಲ್ಲಿ ಓಡಿ ಮುಗಿಸಿದಳು.